ನೀಲಿ ಚುಕ್ಕೆಯ ರಾಣಿ

"ಎರಡರಲ್ಲಿ ಒಂದು ರಾಣಿ ಸಾಯಲೇಬೇಕು. ಒಂದು ಒರೇಲಿ ಎರಡು ಕತ್ತಿ ಇರುತ್ತೇನೇ?" ಎನ್ನುತ್ತ ಡೆಸ್ ಮಗಳ ಜೇನುಪೆಟ್ಟಿಗೆಯ ಮುಚ್ಚಳ ತೆಗೆದ.

ಹೆಂಡತಿ ನೊರೀನ್ ಹಿತ್ತಲ ಬಾಗಿಲಲ್ಲೇ ನಿಂತಿದ್ದಳು. ಏಪ್ರಿಲ್ ಮುಗಿಯುತ್ತ ಬಂದಿತ್ತು; ಭೂಮಿಯ ಆ ದಕ್ಷಿಣ ತುದಿಯಲ್ಲಿ ಚಳಿಗಾಲ ಕಾಲಿಡುವ ಹೊತ್ತು. ಹಾರ್ಟ್ಸ್ ಬೆಟ್ಟದ ನೆತ್ತಿಯ ಮೇಲೆ ಆಗಲೇ ಹಿಮ ಬಿದ್ದಿತ್ತು. ಮಗಳು ಬ್ರೋನಿ ರಸ್ತೆ ಅಪಘಾತದಲ್ಲಿ ತೀರಿಕೊಂಡು ಮೂರು ತಿಂಗಳು. ಅಂದಿನಿಂದ ಅವಳ ಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಈಗ ನೋಡಿದರೆ ಒಳಗಿದ್ದದ್ದು ಎರಡು ಹಿಡಿಯಷ್ಟು ನೊಣ. ಜುಲೈ ಚಳಿಗೆ ಒಂದೂ ಉಳಿಯುವುದಿಲ್ಲ. ಡೆಸ್‌ನ ಸ್ವಂತ ಪೆಟ್ಟಿಗೆ ಪಕ್ಕದಲ್ಲೇ ಇತ್ತು; ಅದರಲ್ಲಾದರೆ ನೊಣವೂ ತುಂಬಿತ್ತು, ಜೇನೂ ತುಂಬಿತ್ತು. ಇದನ್ನು ಅದರ ಮೇಲೆ ಕೂರಿಸಿ ನಡುವೆ ಹಳೇ ಪೇಪರಿನ ಒಂದು ಹಾಳೆ ಹಾಸಿದರಾಯಿತು. ನೊಣಗಳು ಕಾಗದ ಕಡಿದು ಮುಗಿಸುವಷ್ಟರಲ್ಲಿ ವಾಸನೆ ಬೆರೆತು ಎರಡೂ ಒಂದೇ ಮನೆಯವಾಗುತ್ತವೆ. ರಾಣಿ ಮಾತ್ರ ಒಬ್ಬಳೇ ಇರಬೇಕು. ಸೋತ ಪೆಟ್ಟಿಗೆಯ ರಾಣಿಯನ್ನು ಹಿಸುಕುವುದು ವಾಡಿಕೆ.

"ವಸಂತದವರೆಗೆ ಬಿಡೋ. ಸಕ್ಕರೆ ಪಾಕ ಇಡೋಣ, ಕಂಬಳಿ ಹೊದಿಸೋಣ," ಎಂದಳು ನೊರೀನ್.

"ಮುದುಕಿ ಕಣೇ ಇವಳು. ಮೊಟ್ಟೆ ಇಡೋದೇ ನಿಲ್ಲಿಸಿದಾಳೆ."

"ಅದರ ಬೆನ್ನಿನ ಬಣ್ಣ ಬ್ರೋನಿ ಹಚ್ಚಿದ್ದು."

"ಹುಳ ಕಣೇ, ಹುಳ! ಮಗಳಲ್ಲ!"

ನೊರೀನ್ ಒಳಗೆ ಹೋದಳು. ಅಂಥ ಮಾತು ತನ್ನ ಬಾಯಲ್ಲಿ ಹೇಗೆ ಬಂತೋ, ಅವನಿಗೇ ತಿಳಿಯಲಿಲ್ಲ.

ಹೊಗೆ ಹಾಕಿ ಜೇನುತಟ್ಟಿಯ ಒಂದು ಚೌಕಟ್ಟು ಎತ್ತಿದ. ರಾಣಿ ಎದುರಿಗೇ ಇತ್ತು. ಹೋದ ವಸಂತದಲ್ಲಿ ಬ್ರೋನಿ ತನ್ನ ಉಗುರಿಗೆ ಹಚ್ಚುವ ನೀಲಿ ಬಣ್ಣವನ್ನೇ ಕಡ್ಡಿಯ ತುದಿಯಲ್ಲಿ ತೆಗೆದು ಅದರ ಬೆನ್ನಿಗೊಂದು ಚುಕ್ಕೆ ಇಟ್ಟಿದ್ದಳು. "ಏನೇ, ರಾಣಿಗೆ ಮದುವೇನಾ?" ಎಂದು ಡೆಸ್ ರೇಗಿಸಿದ್ದ. "ನಿನ್ನ ಸೋಡಾಬುಡ್ಡಿ ಕನ್ನಡಕಕ್ಕೂ ಕಾಣಲಿ ಅಂತ ಅಪ್ಪಾ," ಎಂದು ಅವಳು ನಕ್ಕಿದ್ದಳು. ಈಗ ಕಂಡಿತು. ಚೆನ್ನಾಗಿಯೇ ಕಂಡಿತು.

ಅರ್ಧ ಗಂಟೆಯ ಮೇಲೆ ಅವನು ಒಳಗೆ ಬಂದು ಮೇಜಿನ ಮೇಲೆ ಒಂದು ಬೆಂಕಿಪೊಟ್ಟಣ ಇಟ್ಟ. "ಪೇಪರು ಹಾಸಿ ಪೆಟ್ಟಿಗೆ ಏರಿಸಿದೆ. ಗಾಳಿ ನುಗ್ಗದ ಹಾಗೆ ಅದರ ಬಾಗಿಲೂ ಸಣ್ಣದು ಮಾಡಿದೀನಿ," ಎಂದವನೇ ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದ.

ನೊರೀನ್ ಸ್ವಲ್ಪ ಹೊತ್ತು ಪೊಟ್ಟಣವನ್ನೇ ನೋಡುತ್ತಿದ್ದು, ಆಮೇಲೆ ತೆರೆದಳು. ಒಳಗೆ ಸತ್ತು ಬಿದ್ದಿದ್ದ ರಾಣಿ ಎಳೆಯದು, ನೀಳವಾದದ್ದು. ಎಲ್ಲಿಯೂ ನೀಲಿ ಇರಲಿಲ್ಲ.

"ಅಯ್ಯೋ ಡೆಸ್, ಇದು ನಿನ್ನ ಪೆಟ್ಟಿಗೆ ರಾಣಿ ಅಲ್ವೇನೋ!"

"ಹೂಂ."

"ಆ ಮುದುಕೀನ ನಂಬಿದ್ರೆ ಎರಡೂ ಹೋಗಿಬಿಡುತ್ತಲ್ಲೋ!"

"ಹೋಗಬಹುದು."

ಕೈ ತೊಳೆದಾಗಿತ್ತು, ಆದರೂ ಅವನು ನಲ್ಲಿ ನಿಲ್ಲಿಸಲಿಲ್ಲ. ಇತ್ತ ತಿರುಗಲೂ ಇಲ್ಲ.

"ಅವತ್ತು ಆಸ್ಪತ್ರೇಲಿ ಮುಖ ನೋಡಿದ್ರೆ ಗುರುತೇ ಸಿಗಲಿಲ್ಲ ನೊರೀನ್. ನಿಂಗೆ ಹೇಳಿರಲಿಲ್ಲ. ಉಗುರಿನ ನೀಲಿ ನೋಡಿ, ಹೌದು, ನನ್ನ ಮಗಳೇ ಅಂದೆ," ಎಂದ. "ಇವತ್ತು ಆ ಬಣ್ಣ ಓಡಾಡ್ತಾ ಇತ್ತು ಕಣೇ."