ಅಪ್ಪನಿಗೂ ಅರ್ಥವಾದ ವಾದ

ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಅವಳ ಕಣ್ಣು ಆಗಲೇ ಹಿಂದಿನ ಬೆಂಚಿಗೆ ಹೋಗಿತ್ತು. ಅಲ್ಲಿ ಕೂತಿದ್ದ ಅಪ್ಪ ಕಾಣಲಿಲ್ಲ. ಮಗಳ ಮಾತು ಕೇಳಬೇಕೆಂದು ಹೊಲಿಗೆ ಅಂಗಡಿಗೆ ಬೀಗ ಹಾಕಿ, ತಾನೇ ಹೊಲಿದ ಹೊಸ ಷರಟು ತೊಟ್ಟು ಬಂದಿದ್ದ ಅಪ್ಪ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಅದೇನು ಕಡಿದು ಕಟ್ಟೆ ಹಾಕುತ್ತಾಳೋ ಎಂದು ನೆಂಟರೆಲ್ಲ ಮೂಗು ಮುರಿದಾಗ, "ಓದಲಿ ಬಿಡಿ" ಎಂದವನು ಅವನೊಬ್ಬನೇ.

ಆ ವಿಭಾಗದಲ್ಲೊಂದು ಪದ್ಧತಿ. ಕೊನೆಯ ವರ್ಷದವರು ಚೀಟಿ ಎತ್ತಬೇಕು. ಯಾವ ಪಕ್ಷ ಬಂತೋ ಅದನ್ನು, ತಾವು ನಂಬಲಿ ಬಿಡಲಿ, ಎದುರಿನವರ ಬಾಯಿ ಕಟ್ಟುವಂತೆ ವಾದಿಸಬೇಕು. ಗೆದ್ದವರಿಗೆ ಸಂಶೋಧನೆಯ ಸೀಟು, ಅದೂ ಒಂದೇ ಒಂದು. ಅವಳಿಗೆ ಬಂದದ್ದು, ಉಳಿಯುವ ಭರವಸೆಯಿಲ್ಲದ ರೋಗಿಯ ಉಸಿರಾಟದ ಮೆಷಿನ್ ತೆಗೆಸುವುದೂ ಕೊಲೆಯೇ ಎಂಬ ಪಕ್ಷ. ಅವಳ ನಂಬಿಕೆ ಇದಕ್ಕೆ ತದ್ವಿರುದ್ಧ. ಆದರೆ ಸೀಟು ಬೇಕಿತ್ತಲ್ಲ! "ಪುಸ್ತಕದ ಭಾಷೆ ಬೇಡಮ್ಮ, ನಿಮ್ಮ ಮನೆಯವರಿಗೂ ತಿಳಿಯೋ ಹಾಗೆ ಮಾತಾಡು" ಎಂದಿದ್ದರು ಪ್ರೊಫೆಸರು. ಅದನ್ನವಳು ಚಾಚೂ ತಪ್ಪದೆ ಪಾಲಿಸಿದ್ದಳು. ಎದುರಿಗೆ ಅಪ್ಪನೇ ಕೂತಿದ್ದಾನೆ ಅಂದುಕೊಂಡು ಒಂದೊಂದು ಮಾತನ್ನೂ ತಿದ್ದಿ ತೀಡಿದ್ದಳು.

ಅಪ್ಪ ಹೊರಗೆ, ವೆರಾಂಡದ ಕಿಟಕಿಯ ಸರಳು ಹಿಡಿದು ನಿಂತಿದ್ದ.

"ಅಪ್ಪಾ! ಇಲ್ಲಿದ್ದೀಯಾ? ಹೇಗಿತ್ತು? ಅರ್ಥ ಆಯ್ತಾ?"

"ಆಯ್ತು ಮಗಳೇ. ಎಲ್ಲಾ ಅರ್ಥ ಆಯ್ತು."

ಅವಳು ಹಿಗ್ಗಿ ಹೀರೇಕಾಯಿಯಾದಳು. ಅಪ್ಪ ಮಾತ್ರ ಇನ್ನೂ ತಿರುಗಿರಲಿಲ್ಲ.

"ನಿಮ್ಮಜ್ಜಿಗೆ ಹಾಕಿದ್ರಲ್ಲ, ಆ ಮೆಷಿನ್. ತೆಗೀರಿ ಅಂತ ಹೇಳಿದ್ದು ನಾನೇ."

"ಅಜ್ಜಿ ತಾನಾಗೇ ಹೋದ್ಲು ಅಂದಿದ್ದೆಯಲ್ಲಪ್ಪಾ?"

"ನಿನಗೆ ಪರೀಕ್ಷೆ ನಡೀತಿತ್ತು. ಹಾಗಂದುಬಿಟ್ಟೆ. ಆಮೇಲೆ ಹೇಳೋಕೆ ಬಾಯೇ ಬರಲಿಲ್ಲ."

ಹಿಂದಿನ ವರ್ಷ ಹಾಸ್ಟೆಲಿನಿಂದ ಓಡೋಡಿ ಹೋದಾಗ ಅಜ್ಜಿಯ ಕಾಲ ಬಳಿ ಕಲ್ಲಿನಂತೆ ಕೂತಿದ್ದ ಅಪ್ಪ ಅವಳ ಕಣ್ಣ ಮುಂದೆ ಬಂದ. ಅದು ಬರೀ ದುಃಖ ಅಂದುಕೊಂಡಿದ್ದಳು. ಪಾಪ, ಇದನ್ನೂ ಹೊತ್ತುಕೊಂಡು ಕೂತಿದ್ದನಲ್ಲ ಎಂದುಕೊಂಡು ಅವನ ಪಕ್ಕಕ್ಕೆ ಹೋಗಿ ನಿಂತಳು.

"ಅಪ್ಪಾ, ನಾನು ಹೇಳಿದ್ದು ನನ್ನ ಮಾತಲ್ಲ. ಚೀಟೀಲಿ ಬಂತು ಅಂತ ವಾದ ಮಾಡಿದೆ ಅಷ್ಟೇ. ನಾನದನ್ನ ನಂಬೋದೇ ಇಲ್ಲ."

"ಗೊತ್ತು, ಮೊದಲೇ ಹೇಳಿದ್ದೆಯಲ್ಲ. ಹಾಗಾದ್ರೆ ಅದರಲ್ಲಿ ತಪ್ಪೆಲ್ಲಿದೆ, ಅದನ್ನ ಹೇಳು. ನನಗೆ ಅಷ್ಟು ಸಾಕು."

"ಅಜ್ಜಿಗೆ ತುಂಬಾ ನೋವಿತ್ತಲ್ಲಪ್ಪಾ…"

"ಆ ನೋವು ಅವಳಿಗೆ ತಡೆಯೋಕಾಗದೇ ಇದ್ದಿದ್ದೋ, ನೋಡ್ತಾ ನಿಂತೋರಿಗೋ, ಅಂತ ಕೇಳಿದೆ ನೀನು. ನಾನು ನಿಂತಿದ್ದೆ. ನನ್ನ ಕೈಲಿ ನೋಡೋಕಾಗ್ತಿರಲಿಲ್ಲ."

"ಡಾಕ್ಟರೇ ಇನ್ನು ಆಗಲ್ಲ ಅಂದಿದ್ರಲ್ಲ?"

"ಎಲ್ಲರೂ ಒಂದಿನ ಸಾಯೋರೇ. ನಾಳೆ ಸಾಯೋರನ್ನ ಇವತ್ತೇ ಕಳಿಸಿದ್ರೆ ಅದು ಕೊಲೆ ಅಲ್ವಾ ಅಂದೆ ನೀನು. ಅದೂ ಸರಿ ಅನ್ನಿಸ್ತು." ಅಪ್ಪನ ದನಿಯಲ್ಲಿ ಕೋಪ ಇರಲಿಲ್ಲ. ಪಾಠ ಒಪ್ಪಿಸುವ ಹುಡುಗನ ಹಾಗೆ ಹೇಳುತ್ತಿದ್ದ. "ಬೇರೆ ಏನಾದ್ರೂ ಇದೆಯಾ ನೋಡು. ನಿಧಾನವಾಗಿ ಯೋಚನೆ ಮಾಡು."

ಅವಳು ಯೋಚಿಸಿದಳು. ಎರಡು ವರ್ಷ ಓದಿದ್ದನ್ನೆಲ್ಲ ಜಾಲಾಡಿದಳು. ಯಾವ ಸಮಾಧಾನದ ಮಾತು ಎತ್ತಿಕೊಂಡರೂ ಅದರ ಕತ್ತನ್ನು ಅವಳೇ, ಈಗಷ್ಟೇ, ಎಲ್ಲರೆದುರು ಹಿಸುಕಿದ್ದಳು. ಒಂದನ್ನೂ ಉಳಿಸಿರಲಿಲ್ಲ. ತನ್ನ ಜಾಣತನದ ಬಗ್ಗೆ ಅವಳಿಗೆ ಜೀವನದಲ್ಲೇ ಮೊದಲ ಸಲ ಭಯವಾಯಿತು.

"ಗೊತ್ತಿಲ್ಲಪ್ಪಾ" ಎಂದಳು.

ಅಷ್ಟರಲ್ಲಿ ಬಾಗಿಲು ತೆರೆದು ಪ್ರೊಫೆಸರು ಬಂದರು. ಮುಖವೆಲ್ಲ ನಗು.

"ನೀವೇನಾ ಇವಳ ತಂದೆ? ಸಂತೋಷದ ಸುದ್ದಿ ಇದೆ. ಸೀಟು ನಿಮ್ಮ ಮಗಳಿಗೇ! ಅಬ್ಬಬ್ಬಾ, ಏನು ವಾದ! ಇದಕ್ಕೆ ಉತ್ತರ ಏನು ಅಂತ ಒಳಗೆ ಎಲ್ಲರೂ ತಲೆ ಕೆರ್ಕೊಂಡು ಕೂತಿದ್ದಾರೆ."

ಅಪ್ಪ ಹೊಸ ಷರಟಿನ ತೋಳಿಂದ ಮುಖ ಒರೆಸಿಕೊಂಡು ಕೈ ಮುಗಿದ.

"ನಾನೂ ಅದನ್ನೇ ಕೇಳ್ತಿದ್ದೆ ಸಾರ್. ಅವಳಿಗೂ ಗೊತ್ತಿಲ್ವಂತೆ."