ಮುಚ್ಚಳದ ಮೇಲಿನ ಹಿಮ

ಸಿದ್ದೇಶ್ವರಿ ಕಾರಿನ ಮೇಲಿನ ಹಿಮ ಗುಡಿಸುತ್ತಿದ್ದಳು. ಮೊದಲು ಚಾವಣಿ, ಆಮೇಲೆ ಗಾಜು, ಕೊನೆಗೆ ಎಂಜಿನ್ ಇರುವ ಮೂತಿ. ತಮ್ಮ ಕಾರಿನ ಮೂತಿಯ ಮೇಲೆ ಗೇಣು ದಪ್ಪ ಹಿಮ ಕೂತಿತ್ತು. ಎದುರುಮನೆಯವರ ಕಾರಿನದು ಮಾತ್ರ ಒದ್ದೆಯಾಗಿ ಹೊಳೆಯುತ್ತಿತ್ತು. ಈಗಷ್ಟೇ ಎಲ್ಲಿಂದಲೋ ಬಂದಿದ್ದಾರೆ, ಎಂಜಿನ್ ಇನ್ನೂ ಬಿಸಿ ಇದೆ ಎಂದುಕೊಂಡಳು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನೂ ಅಲ್ಲವಲ್ಲ.

“ಸಿದ್ದೂ, ನನ್ನ ಗ್ಲವ್ಸ್ ಒಳಗೇ ಉಳೀತು ಕಣೆ,” ಎಂದಳು ಕಾರಿನೊಳಗಿಂದ ಪ್ರತಿಭಾ. ಗಂಡನ ಅಕ್ಕ, ಲಾಂಗ್ ವೀಕೆಂಡ್ ಎಂದು ಕ್ಯಾರಿ ಊರಿನಿಂದ ವರ್ಜೀನಿಯಾದ ಆಲ್ಡಿಯಲ್ಲಿದ್ದ ಇವರ ಮನೆಗೆ ಬಂದಿದ್ದಳು. ಸಿದ್ದೇಶ್ವರಿ ಹೋಗಿ ತಂದಳು. “ನಂದು ಕಾಫಿ ಮಗ್ಗು,” ಎಂದ ಗಂಡ ಪ್ರಶಾಂತ್. ಅದನ್ನೂ ತಂದಳು.

ಹೊರಟಿದ್ದು ಹಾಟ್ ಟಬ್ ಕೊಳ್ಳಲು. ಮನೆಯ ಹಿಂದೆ ಬಯಲಲ್ಲೇ ಇಟ್ಟು, ಚಳಿಗಾಲವಿಡೀ ಬಿಸಿನೀರಲ್ಲಿ ಕೂರುವಂಥದ್ದು. ನವೆಂಬರ್ ಬಂತೆಂದರೆ ಸಿದ್ದೇಶ್ವರಿಯ ಬೆರಳುಗಳು ನೀಲಿಗಟ್ಟುತ್ತಿದ್ದವು. ಎಷ್ಟು ಕಾಲುಚೀಲ ಹಾಕಿದರೂ ಮೈಗೆ ಬಿಸಿ ಹತ್ತುತ್ತಿರಲಿಲ್ಲ. ಪ್ರಶಾಂತನಿಗೆ ಅದನ್ನು ನೋಡಲಾಗಲಿಲ್ಲ. ಎರಡು ತಿಂಗಳು ಕೂತು ಟಬ್ಬುಗಳನ್ನು ಹೋಲಿಸುವ ಎಕ್ಸೆಲ್ ಶೀಟ್ ಮಾಡಿದ್ದ, ಹದಿನೇಳು ಕಾಲಮ್ಮಿನದು. ಟಬ್ಬು ಅವಳಿಗಾಗಿಯೇ, ಯಾವುದು ಬೇಕೆಂದು ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಹತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳನ್ನು ಕಾಲಮ್ಮುಗಳ ಬಗ್ಗೆ ಕೇಳುವುದಾದರೂ ಏನು?

ಅಂಗಡಿಯ ಹಿಂದಿನ ಅಂಗಳದಲ್ಲಿ ಎರಡು ಟಬ್ಬುಗಳು ನೀರು ತುಂಬಿಕೊಂಡು, ಬಿಸಿಯಾಗಿ, ಮುಚ್ಚಳ ಹಾಕಿಕೊಂಡು ನಿಂತಿದ್ದವು. ಒಂದರ ಸುತ್ತ ನೀಲಿ ದೀಪ ಮಿನುಗುತ್ತಿತ್ತು. ಇನ್ನೊಂದು ಬೂದು ಬಣ್ಣದ್ದು, ಸುಮ್ಮನೆ ಇತ್ತು.

“ಅಕ್ಕಾ, ಈ ನೀಲಿ ದೀಪದ್ದರಲ್ಲಿ ನೀರು ಚಿಮ್ಮೋ ಜೆಟ್ಸ್ ಅರವತ್ತು. ಆ ಗ್ರೇ ಕಲರ್‌ದು ಬರೀ ಇಪ್ಪತ್ತೆಂಟು,” ಎಂದ ಪ್ರಶಾಂತ್.

“ಬ್ಲೂಟೂತ್ ಇದ್ಯೇನೋ?”

“ಇದೆ. ವಾಟರ್‌ಫಾಲೂ ಇದೆ.”

“ಮತ್ತಿನ್ನೇನೋ ನೋಡೋದು? ಅದನ್ನ ನೋಡು, ಕಾರ್ಪೊರೇಷನ್ ನೀರಿನ ತೊಟ್ಟಿ ಇದ್ದ ಹಾಗಿದೆ.”

ಅಂಗಡಿಯವನು ನಗುತ್ತಾ ಸಹಿಗೆ ಟ್ಯಾಬ್ಲೆಟ್ ಮುಂದೆ ಹಿಡಿದ. ಪ್ರಶಾಂತ್ ಬೆರಳು ಚಾಚಿದ. ಸಿದ್ದೇಶ್ವರಿ ನೋಡುತ್ತಿದ್ದುದು ಮುಚ್ಚಳಗಳನ್ನು. ರಾತ್ರಿ ಎರಡೂ ಟಬ್ಬುಗಳ ಮೇಲೆ ಬಿದ್ದದ್ದು ಒಂದೇ ಹಿಮ. ನೀಲಿ ದೀಪದ ಟಬ್ಬಿನ ಮುಚ್ಚಳದ ನಡುವೆ ಅದು ಕರಗಿ, ತಟ್ಟೆಯಗಲ ಕಪ್ಪು ಜಾಗ ಕಾಣುತ್ತಿತ್ತು. ಬೂದು ಟಬ್ಬಿನ ಮೇಲೆ ಹಾಸಿಗೆಯಂತೆ ಹಾಗೇ ಇತ್ತು. ಅವಳು ಗಂಡನ ತೋಳು ಎಳೆದಳು.

“ರೀ.”

“ಒಂದ್ನಿಮಿಷ ಸಿದ್ದು, ಸೈನ್ ಮಾಡ್ಬಿಡ್ತೀನಿ.”

“ರೀ, ಅದರ ಮೇಲಿನ ಸ್ನೋ ಯಾಕೆ ಕರಗಿದೆ?”

ಪ್ರತಿಭಾ ನಕ್ಕಳು. “ಒಳಗೆ ಬಿಸಿನೀರಿದೆ ಕಣೇ ಪೆದ್ದಿ, ಕರಗದೆ ಇನ್ನೇನು?”

“ಇದರಲ್ಲೂ ಬಿಸಿನೀರೇ ಇದೆಯಲ್ಲ ಅಕ್ಕಾ. ಇದರ ಮೇಲೆ ಕರಗಿಲ್ಲ.”

ಪ್ರಶಾಂತನ ಬೆರಳು ಗಾಳಿಯಲ್ಲೇ ನಿಂತಿತು.

“ನಂಜನಗೂಡಲ್ಲಿ ನಮ್ಮಮ್ಮ ಹಂಡೆ ಮೇಲೆ ಹಲಗೆ ಮುಚ್ಚಿ, ಅದರ ಮೇಲೆ ಗೋಣಿಚೀಲ ಹಾಕ್ತಿದ್ರು. ಇಲ್ದಿದ್ರೆ ಆಕಾಶಕ್ಕೆ ಸ್ನಾನ ಮಾಡ್ಸೋಕೆ ನೀರು ಕಾಯ್ಸಿದ ಹಾಗೆ ಅಂತಿದ್ರು.” ವರ್ಜೀನಿಯಾಕ್ಕೆ ಬಂದ ಮೇಲೆ ಅವಳು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಇದೇ ಮೊದಲು. ಆಡಿ ಮುಗಿಸಿ ತನ್ನ ಬೂಟು ನೋಡಿಕೊಂಡಳು.

ಪ್ರಶಾಂತ್ ಗ್ಲವ್ಸ್ ಕಳಚಿ ಆ ಕಪ್ಪು ಜಾಗದ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. ಬೂದು ಟಬ್ಬಿನ ಮೇಲಿನ ಹಿಮ ಕೆದಕಿ ಅಲ್ಲೂ ಇಟ್ಟ; ಕೈ ಮರಗಟ್ಟಿತು. ಫೋನು ತೆಗೆದು ಶೀಟ್ ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ನೋಡಿದ. ದೀಪಕ್ಕೊಂದು ಕಾಲಮ್ ಇತ್ತು, ಹಾಡಿಗೊಂದು ಇತ್ತು. ಮುಚ್ಚಳಕ್ಕೆ ಇರಲಿಲ್ಲ. ಅಂಗಡಿಯವನನ್ನು ಕೇಳಿದ. ಆತ ಗಡ್ಡ ಕೆರೆದುಕೊಂಡು, ನಿಜ ಹೇಳಬೇಕೆಂದರೆ ಈ ತೆಳು ಮುಚ್ಚಳದ್ದು ಬಿಸಿಲ ಸೀಮೆ ಫ್ಲಾರಿಡಾ ಕಡೆಯವರಿಗೆ ಹೇಳಿ ಮಾಡಿಸಿದ್ದು ಎಂದ.

“ಜೊತೆಗೆ ಫ್ಲಾರಿಡಾ ಟಿಕೆಟ್ಟೂ ಕೊಡ್ತಾನಾ ಕೇಳೋ,” ಎಂದಳು ಪ್ರತಿಭಾ.

ಫೆಬ್ರವರಿಯಲ್ಲಿ ಮತ್ತೆ ಹಿಮ ಬಿದ್ದ ಭಾನುವಾರ, ಮಧ್ಯಾಹ್ನ ಮೂರು ಗಂಟೆಗೆ, ಮೂವರೂ ಮನೆಯ ಹಿಂದೆ ಬೂದು ತೊಟ್ಟಿಯಲ್ಲಿ ಕೂತಿದ್ದರು. ಕಾರ್ಪೊರೇಷನ್ ತೊಟ್ಟಿ ಎಂದು ಆಡಿಕೊಂಡ ಪ್ರತಿಭಾ ಅದಕ್ಕಾಗಿಯೇ ಕ್ಯಾರಿಯಿಂದ ಡ್ರೈವ್ ಮಾಡಿಕೊಂಡು ಬಂದಿದ್ದಳು. ಪ್ರಶಾಂತ್ ಕಣ್ಣು ಅರೆಮುಚ್ಚಿದ್ದ. ಸಿದ್ದೇಶ್ವರಿಗೆ ಗಲ್ಲದವರೆಗೂ ನೀರು. ನೀರೊಳಗೆ ಅವಳ ಬೆರಳುಗಳು ಕೆಂಪಗಾಗಿದ್ದವು.

“ಸಾಕಪ್ಪಾ, ನಾ ಏಳ್ತೀನಿ,” ಎಂದು ಪ್ರತಿಭಾ ಭುಜ ಮೇಲೆತ್ತಿದಳು. ಚಳಿಗಾಳಿ ತಾಗಿದ್ದೇ ತಡ, ಮತ್ತೆ ಮುಳುಗಿದಳು. ಟವೆಲ್ಲುಗಳು ಅಡುಗೆಮನೆಯ ಕುರ್ಚಿಯ ಮೇಲೆಯೇ ಉಳಿದಿದ್ದವು. ಗಾಜಿನ ಬಾಗಿಲಾಚೆ, ಹತ್ತೇ ಹೆಜ್ಜೆ. “ಸಿದ್ದೂ, ಟವೆಲ್ ಒಳಗೇ ಉಳೀತು ಕಣೆ.”

ಪ್ರಶಾಂತ್ ಪೂರ್ತಿ ಕಣ್ಣು ಮುಚ್ಚಿದ. ಸಿದ್ದೇಶ್ವರಿಯ ಕಣ್ಣು ಆಗಲೇ ಮುಚ್ಚಿತ್ತು. ಅವಳ ಉಣ್ಣೆ ಟೋಪಿಯ ಮೇಲೆ ಹಿಮ ಒಂದಿಷ್ಟೂ ಕರಗದೆ ಬೆಳ್ಳಗೆ ಕೂತಿತ್ತು.

“ಸಿದ್ದೂ… ಒಂದು ಟವೆಲ್ ತಂದ್ಕೊಡೇ.”