ಎರಡನೆಯ ದೀಪ

ಆಕೆ ಮೂರನೆಯ ಸಲ ರೌಟರಿನ ಪ್ಲಗ್ ಕಿತ್ತಳು. ಒರೆಸುಬಟ್ಟೆಯಿಂದ ಅದರ ಮೈ ಒರೆಸಿ ಮತ್ತೆ ಸಿಕ್ಕಿಸಿದಳು. ಮೊದಲ ದೀಪ ಹಸಿರಾಗಿ ಹತ್ತಿತು. ಎರಡನೆಯದು ಮಾತ್ರ ಅದೇ ಹಳದಿ, ಅದೇ ಮಿಣುಕು.

"ಹತ್ತಕ್ಕೆ ಪಾಠ. ಇದಕ್ಕೆ ಇವತ್ತೇ ಗರ ಬಡೀಬೇಕಾ?"

ಪಾರ್ಶ್ವವಾಯು ಹೊಡೆದು ಗಂಡನ ಮಾತು ನಿಂತು ಐದು ತಿಂಗಳು. ವಾರಕ್ಕೊಮ್ಮೆ ಟೀಚರು ಲ್ಯಾಪ್‌ಟಾಪಿನ ಪರದೆಯ ಮೇಲೆ ಬಂದು ಮಾತು ಕಲಿಸುತ್ತಿದ್ದರು. "ಮುಂದಿನ ವಾರ ಒಂದೇ ಒಂದು ಮಾತಾದ್ರೂ ಅವರೇ ಪೂರ್ತಿ ಆಡ್ಬೇಕು. ಇಲ್ದಿದ್ರೆ ಪಾಠ ನಿಲ್ಸೋದು ಒಳ್ಳೇದು" ಎಂದು ಹೋದ ವಾರ ಹೇಳಿದ್ದರು.

ಕುರ್ಚಿಯಲ್ಲಿದ್ದ ಗಂಡ ಬೆರಳೆತ್ತಿದ. ಮೂವತ್ತು ವರ್ಷ ರೇಡಿಯೊ ರಿಪೇರಿ ಮಾಡಿದ ಬೆರಳು. "ಬಿ... ಬಿ..."

"ಬಿಸಿನೀರಾ? ತರ್ತೀನಿ ಇರಿ."

ಆತ ಅಲ್ಲವೆಂದು ತಲೆಯಾಡಿಸಿದ.

"ಬಿಸ್ಕತ್ತಾ? ಓ, ಬಿಸಿಲು ಬೀಳ್ತಿದೆಯಾ?" ಕಿಟಕಿಯ ಪರದೆ ಎಳೆದಳು. ಆತ ಕಣ್ಣು ಮುಚ್ಚಿಕೊಂಡ. ಆಕೆ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದಳು.

"ಎಷ್ಟು ಸಲ ಆಫ್ ಮಾಡಿದ್ರಿ ಆಂಟಿ?" ಆ ಕಡೆಯ ಹುಡುಗಿ ಕೇಳಿದಳು.

"ಮೂರು. ಸುಮ್ನೆ ಮಿಣುಕ್ತಾ ಕೂತಿದೆ ಮಹಾರಾಯ್ತಿ."

"ಮಿಣುಕ್ತಿದೆ ಅಂದ್ರೆ ಕೆಟ್ಟಿಲ್ಲ, ಲೈನ್ ಹುಡುಕ್ತಿದೆ. ಅದು ಇನ್ನೇನು ಏಳ್ಬೇಕು, ನೀವು ಮತ್ತೆ ಮಲಗಿಸ್ತೀರ. ಬೀಜ ಹಾಕಿ ಮೊಳಕೆ ಬಂತಾ ಅಂತ ಕಿತ್ತು ಕಿತ್ತು ನೋಡಿದ ಹಾಗೆ. ಐದು ನಿಮಿಷ ಕೈ ಕಟ್ಟಿ ಕೂತ್ಕೊಳ್ಳಿ."

ಅರಳು ಹುರಿದಂತೆ ಮಾತಾಡುವವಳಿಗೆ ಆ ಐದು ನಿಮಿಷ ಐದು ಯುಗ. ಕೂತಳು. ಹಳದಿ ದೀಪ ಮಿಣುಕುತ್ತಲೇ ಇತ್ತು.

"ಬಿ..." ಗಂಡ ಮತ್ತೆ ಶುರುಮಾಡಿದ.

ಬಿಂದಿಗೆ, ಬಿಳಿ ಅಂಗಿ, ಬಿಲ್ಲು ಎಲ್ಲವೂ ಅವಳ ನಾಲಿಗೆಯ ತುದಿಗೆ ಸಾಲುಗಟ್ಟಿ ಬಂದವು. ದೀಪ ನೋಡಿದಳು. ನಡುಗುತ್ತಿದ್ದ ಅವನ ತುಟಿ ನೋಡಿದಳು. ಒರೆಸುಬಟ್ಟೆಯನ್ನೇ ಬಾಯಿಗೊತ್ತಿಕೊಂಡಳು.

"ಬಿ... ಬಿ... ಡು."

ಬಿಡು. ಅದನ್ನು ಮುಟ್ಟಬೇಡ, ಬಿಡು. ಮೊದಲ ಸಲ ಬೆರಳೆತ್ತಿದಾಗಲೇ ಪಾಪ, ಇದನ್ನೇ ಹೇಳಹೊರಟಿದ್ದ.

ಎರಡನೆಯ ದೀಪ ಹಸಿರಾದದ್ದನ್ನು ಇಬ್ಬರೂ ನೋಡಲಿಲ್ಲ.

ಹತ್ತು ದಾಟಿ ಎರಡು ನಿಮಿಷಕ್ಕೆ ಟೀಚರು ಕಾಣಿಸಿಕೊಂಡರು. "ಏನು ಸರ್, ಈ ವಾರ ಏನಾದ್ರೂ ಮಾತು ಬಂತಾ?"

ಆಕೆ ತಡೆಯಲಾರದೆ ಬಾಯಿ ತೆರೆದಳು. ಗಂಡ ಅವಳತ್ತ ಬೆರಳೆತ್ತಿದ.

"ಬಿ..."

ಟೀಚರು ಕಾದರು. ಅವಳೂ ಕಾದಳು.